ಗುರಿಕಾರರ ಪಟ್ಟಿಯಲ್ಲಿಲ್ಲದ ಹೆಸರುಗಳು

ಪೂಜ್ಯ ಫಾದರ್, ಪಾಲನಾ ಮಂಡಳಿಯ ಹಿರಿಯರೇ, ವಾರ್ಡುಗಳ ಗುರಿಕಾರರೇ, ಹಾಗೆಯೇ ಈ ಪತ್ರ ಓದುತ್ತಿರುವ ಕರ್ನಾಟಕದ ಎಲ್ಲ ಸಭೆಗಳ ಬಂಧುಗಳೇ,

ಈ ಸಲದ ತೆನೆಹಬ್ಬದ ದಿನ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಹಾಕಿದ್ದರು. ಸೆಪ್ಟೆಂಬರ್ 8ರ ಬೆಳಿಗ್ಗೆ ಪೂಜೆ ಮುಗಿದ ಮೇಲೆ, ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗಳಿಗೆ ಹಂಚುವ ಕೆಲಸ ಎಂದಿನಂತೆ ನಡೆಯಿತು. ನಮ್ಮ ವಾರ್ಡಿನ ಪಟ್ಟಿ ನನ್ನ ಕೈಯಲ್ಲಿತ್ತು. ಹೆಸರು ಕರೆದು, ಗುರುತು ಹಾಕಿ, ತೆನೆ ಕೊಡುತ್ತಿದ್ದೆ. ಗಂಟೆಗೋಪುರದ ಬುಡದಲ್ಲಿ ಏಳೆಂಟು ಮಂದಿ ಹುಡುಗರು ನಿಂತಿದ್ದರು. ಕಲ್ಲಿನ ಕೋರೆಯ ಶೆಡ್ಡಿನವರು. ಪ್ರತಿ ಭಾನುವಾರ ಎರಡನೇ ಪೂಜೆಗೆ ಬಂದು ಕೊನೆಯ ಬೆಂಚಿನ ಹಿಂದೆ ನಿಲ್ಲುವವರು. ಅವರಲ್ಲೊಬ್ಬ ಸಾಲಿನಲ್ಲಿ ಬಂದು ನನ್ನ ಮುಂದೆ ಕೈ ಚಾಚಿದ. ನಾನು ಪಟ್ಟಿ ನೋಡಿದೆ. "ಇದರಲ್ಲಿ ನಿನ್ನ ಹೆಸರಿಲ್ಲವಲ್ಲ" ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವನು ಬೇಸರ ತೋರಿಸಲಿಲ್ಲ. "ನಮ್ಮ ಕಡೆಯೂ ಹೊಸ ಅಕ್ಕಿಯ ಹಬ್ಬ ಇದೆ ದೀದಿ, ನವಾಖಾನಿ ಅಂತ. ಅದಕ್ಕೆ ಕೇಳಿದೆ" ಎಂದಷ್ಟೇ ಹೇಳಿ ಹಿಂದೆ ಸರಿದ. ಜಾರ್ಖಂಡಿನ ಸಿಮ್ಡೇಗಾದವನು.

ಬುಟ್ಟಿಯಲ್ಲಿ ತೆನೆ ಉಳಿದಿತ್ತು. ಮಧ್ಯಾಹ್ನ ಮನೆಯಲ್ಲಿ ಹೊಸ ಅಕ್ಕಿಯ ಕಾಳನ್ನು ಹಾಲಿಗೆ ಹಾಕಿ ಎಲ್ಲರಿಗೂ ಕೊಡುವಾಗ ನನಗದು ಗಂಟಲಲ್ಲಿ ಇಳಿಯಲಿಲ್ಲ.

ಸೆಪ್ಟೆಂಬರಿನ ಕೊನೆಯ ಭಾನುವಾರ ವಲಸಿಗರ ಮತ್ತು ನಿರಾಶ್ರಿತರ ವಿಶ್ವ ದಿನ. 1914ರಿಂದ ಕ್ಯಾಥೊಲಿಕ್ ಸಭೆ ಅದನ್ನು ಆಚರಿಸುತ್ತ ಬಂದಿದೆ. ಅಂದು ವಿಶೇಷ ಪ್ರಾರ್ಥನೆ ಓದುತ್ತೇವೆ, ಕಾಣಿಕೆ ಎತ್ತುತ್ತೇವೆ. ಆ ಭಾನುವಾರ ಬರುವ ಮೊದಲೇ ಈ ಪತ್ರ ನಿಮಗೆ ತಲುಪಲಿ ಎಂದು ಬರೆಯುತ್ತಿದ್ದೇನೆ.

ಫಾದರ್, ನಾವು ಈ ನೆಲಕ್ಕೆ ಹೇಗೆ ಬಂದವರು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ನಮ್ಮ ಮನೆಯ ಮಕ್ಕಳಿಗೆ ಅದು ಗೊತ್ತಿಲ್ಲ. ಗೋವೆಯಲ್ಲಿ 1560ರಲ್ಲಿ ಇನ್‌ಕ್ವಿಸಿಷನ್ ಶುರುವಾದ ಮೇಲೆ, ಅದಕ್ಕೆ ಹೆದರಿ, ತೆರಿಗೆಯ ಭಾರಕ್ಕೆ, ಬರಕ್ಕೆ, ಆಮೇಲೆ ಮರಾಠರ ದಾಳಿಗಳಿಗೆ ಹೆದರಿ ದಕ್ಷಿಣಕ್ಕೆ ಇಳಿದವರು ನಮ್ಮ ಹಿರಿಯರು. ಅವರು ಮಾತಾಡುತ್ತಿದ್ದ ಕೊಂಕಣಿ ಇಲ್ಲಿನ ತುಳು ಒಕ್ಕಲಿಗೆ ತಿಳಿಯುತ್ತಿರಲಿಲ್ಲ. ಅವರ ದೇವರು ಬೇರೆ, ಊಟ ಬೇರೆ. ಆದರೂ ಕೆಳದಿಯ ನಾಯಕರು ನೆಲ ಕೊಟ್ಟರು, ಗದ್ದೆ ಮಾಡಲು ಬಿಟ್ಟರು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ ಮತ್ತೆ ಎಲ್ಲವೂ ಹೋಯಿತು. 1799ರ ನಂತರ ಬದುಕಿ ಹಿಂದೆ ಬಂದವರು ತಮ್ಮದೇ ಊರಿನಲ್ಲಿ ಎರಡನೇ ಸಲ ಹೊಸಬರಾದರು. ಇವತ್ತು ನಾವು ಬ್ಲೇಡಿನಂತೆ ಕತ್ತರಿಸಿ ಹೇಳುವ "ಊರಿನವರು", "ಹೊರಗಿನವರು" ಎಂಬ ಮಾತು ಅವತ್ತು ನಮ್ಮ ಮೇಲೆ ಬಿದ್ದಿದ್ದರೆ ಈ ಚರ್ಚೂ ಇಲ್ಲ, ಈ ಪಟ್ಟಿಯೂ ಇಲ್ಲ.

ಸಿಎಸ್‌ಐ ಸಭೆಯ ಗೆಳೆಯರಿಗೂ ಇಂಥದೇ ನೆನಪಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆ, ಹಂಚಿನ ಕಾರ್ಖಾನೆ ತೆರೆದದ್ದು ಬರೀ ವ್ಯಾಪಾರಕ್ಕಲ್ಲ. ಕ್ರೈಸ್ತರಾದ ತಪ್ಪಿಗೆ ಮನೆಯಿಂದ, ಜಾತಿಯಿಂದ, ಕಸುಬಿನಿಂದ ಹೊರಬಿದ್ದವರಿಗೆ ದುಡಿಯಲು ಒಂದು ಜಾಗ ಬೇಕಾಗಿತ್ತು. ಮನೆ ಕಳೆದುಕೊಂಡವನಿಗೆ ಪ್ರಾರ್ಥನೆಯೊಂದೇ ಸಾಲದು, ಕೂಲಿಯೂ ಬೇಕು ಎಂದು ಆ ಮಿಷನರಿಗಳಿಗೆ ಅರ್ಥವಾಗಿತ್ತು.

ಇನ್ನು ನನ್ನ ಮನೆಯ ಮಾತು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿದಾಗ ನನ್ನ ಅಪ್ಪ ಅಲ್ಲಿದ್ದರು. ನಮ್ಮ ವಾರ್ಡಿನ ಎಷ್ಟೋ ಮನೆಗಳ ಗಂಡಸರು ಆಗ ಅಲ್ಲೇ ಇದ್ದರು. ಸುಮಾರು 1,70,000 ಭಾರತೀಯರನ್ನು ಏರ್ ಇಂಡಿಯಾ ಅಮ್ಮಾನಿನಿಂದ ಕರೆತಂದಿತು ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಅಮ್ಮಾನ್ ತಲುಪುವ ಮೊದಲು ಜೋರ್ಡಾನಿನ ಗಡಿಯ ಡೇರೆಗಳಲ್ಲಿ ಕಳೆದ ದಿನಗಳ ಬಗ್ಗೆ ಅಪ್ಪ ಹೆಚ್ಚು ಮಾತಾಡಿದವರಲ್ಲ. ಎರಡೇ ಸಂಗತಿ ಹೇಳುತ್ತಿದ್ದರು. ಒಂದು, ಯಾರೋ ಗುರುತಿಲ್ಲದವರು ಕೊಟ್ಟ ಕುಬೂಸ್ ಮತ್ತು ನೀರು. ಇನ್ನೊಂದು, ಒಂದು ಬೆಳಿಗ್ಗೆ ಒಬ್ಬ ಮನುಷ್ಯ ಪುಸ್ತಕ ಹಿಡಿದು ಡೇರೆಯಿಂದ ಡೇರೆಗೆ ಬಂದು ಹೆಸರು ಬರೆದುಕೊಂಡದ್ದು. "ರೊಟ್ಟಿ ತಿಂದಾಗ ಹೊಟ್ಟೆ ತುಂಬಿತು. ಹೆಸರು ಬರೆದುಕೊಂಡಾಗ, ಇನ್ನು ಸಾಯುವುದಿಲ್ಲ ಅನ್ನಿಸಿತು" ಎಂದು ಹೇಳುವಾಗ ಅಪ್ಪನ ದನಿ ಪ್ರತಿ ಸಲವೂ ಒಡೆಯುತ್ತಿತ್ತು. ಬೊಂಬಾಯಿಯಿಂದ ಬಸ್ಸಿನಲ್ಲಿ ಬಂದು ಮನೆಯ ಅಂಗಳಕ್ಕೆ ಕಾಲಿಟ್ಟಾಗ ಅವರ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಚೀಲ.

ಆ ಅಪ್ಪನ ಮಗಳು ನಾನು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಒಬ್ಬನಿಗೆ ಹೇಳಿ ಕಳಿಸಿದೆ.

ನಾವು ಏನೂ ಮಾಡಿಲ್ಲ ಎಂದು ಹೇಳುತ್ತಿಲ್ಲ. ಲಾಕ್‌ಡೌನಿನಲ್ಲಿ ನಮ್ಮ ಯುವಕರು ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹೊತ್ತು ಶೆಡ್ಡುಗಳಿಗೆ ಹೋಗಿದ್ದರು. ಸಿಸ್ಟರುಗಳು ಗಂಜಿ ಕೊಟ್ಟರು. ಸೈಂಟ್ ವಿನ್ಸೆಂಟ್ ದೇ ಪಾವ್ಲ್ ಸಭೆಯವರು ಹೊದಿಕೆ ಹಂಚಿದರು. ಒಳ್ಳೆಯ ಕೆಲಸ. ಆದರೆ 2020ರ ಮೇ ಮೊದಲ ವಾರ, ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆದ ಬೆನ್ನಿಗೆ, ಕೂಲಿಯವರನ್ನು ಊರಿಗೆ ಒಯ್ಯಬೇಕಾಗಿದ್ದ ರೈಲುಗಳು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ಹೋಗುತ್ತೇನೆ ಎನ್ನುವ ಮನುಷ್ಯನನ್ನು ಕೆಲಸಕ್ಕೆ ಬೇಕು ಎಂಬ ಕಾರಣಕ್ಕೆ ತಡೆದಿಟ್ಟುಕೊಳ್ಳುವುದು ಅನ್ಯಾಯ ಎಂದು ದೇಶವೇ ಕೂಗಿತು. ಕೆಲವೇ ದಿನಗಳಲ್ಲಿ ರೈಲುಗಳು ಮತ್ತೆ ಹೊರಟವು. ಆ ಕೆಲವು ದಿನ ನಮ್ಮ ಪಾಲನಾ ಮಂಡಳಿ ಒಂದು ಸಾಲು ಮನವಿಯನ್ನೂ ಬರೆಯಲಿಲ್ಲ. ಕಿಟ್ ಕಟ್ಟುವುದರಲ್ಲಿ ಇದ್ದೆವು. ಹಸಿದವನ ಬಳಿಗೆ ಹೋಗಲು ನಮಗೆ ಗೊತ್ತಿದೆ. ಹಸಿದವನ ಜೊತೆ ಕಚೇರಿಗೆ ಹೋಗಲು ಇನ್ನೂ ಕಲಿತಿಲ್ಲ.

ಕಲಿತವರು ಇದ್ದಾರೆ, ನಮ್ಮ ದೇಶದಲ್ಲೇ. ಮಿಜೋರಾಂನ ಕಡೆ ಒಮ್ಮೆ ನೋಡಿ. 2021ರ ಫೆಬ್ರವರಿ 1ರಂದು ಮ್ಯಾನ್ಮಾರಿನಲ್ಲಿ ಸೈನ್ಯ ಅಧಿಕಾರ ಕಸಿದುಕೊಂಡ ಮೇಲೆ ಚಿನ್ ಜನ ತಿಯಾವು ಹೊಳೆ ದಾಟಿ ಮಿಜೋರಾಂಗೆ ಬಂದರು. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ. ಅವರನ್ನು ಗಡಿಯಲ್ಲೇ ತಡೆಯಿರಿ ಎಂದು ಕೇಂದ್ರದಿಂದ ಸೂಚನೆ ಬಂತು. ಆಗಿನ ಮುಖ್ಯಮಂತ್ರಿ ಜೋರಂಥಂಗ ಅವರು, ಇವರು ನಮ್ಮ ರಕ್ತಸಂಬಂಧಿಗಳು, ಕಷ್ಟದಲ್ಲಿ ಬಂದವರನ್ನು ಹಿಂದಕ್ಕೆ ಕಳಿಸಲು ನಮ್ಮಿಂದಾಗದು ಎಂಬ ಅರ್ಥದಲ್ಲಿ ಪ್ರಧಾನಿಗೆ ಪತ್ರ ಬರೆದರು. ಅಷ್ಟು ಗಟ್ಟಿಯಾಗಿ ಬರೆಯಲು ಅವರಿಗೆ ಬಲ ಕೊಟ್ಟದ್ದು ಹಿಂದೆ ನಿಂತಿದ್ದ ಊರೂರಿನ ಚರ್ಚುಗಳು, ಯಂಗ್ ಮಿಜೋ ಅಸೋಸಿಯೇಷನ್ನಿನ ಶಾಖೆಗಳು. ಸಮುದಾಯ ಭವನಗಳನ್ನು ತೆರೆದರು, ಬಿದಿರು ಕಡಿದು ಗುಡಿಸಲು ಕಟ್ಟಿದರು, ಮಕ್ಕಳನ್ನು ಶಾಲೆಗೆ ಸೇರಿಸಿಕೊಂಡರು. 2023ರ ಮೇ 3ರ ನಂತರ ಮಣಿಪುರ ಹೊತ್ತಿ ಉರಿದಾಗ ಅಲ್ಲಿಂದ ಓಡಿ ಬಂದ ಸಾವಿರಾರು ಮಂದಿಗೂ ಅದೇ ಬಾಗಿಲು ತೆರೆದಿತ್ತು.

ಮಿಜೋಗಳಲ್ಲಿ ಶ್ರೀಮಂತರು ಹೆಚ್ಚಿಲ್ಲ. ಆದರೆ ಬುಹ್‌ಫಾಯ್ ಥಾಮ್ ಎಂಬ ಒಂದು ರೂಢಿ ಇದೆ. ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ಬೇರೆ ಎತ್ತಿಟ್ಟು ಚರ್ಚಿಗೆ ಕೊಡುವುದು. ನೂರು ವರ್ಷಕ್ಕೂ ಹಿಂದೆ ಹೆಂಗಸರು ಶುರು ಮಾಡಿದ್ದು. ದುಡ್ಡಿಲ್ಲದ ಮನೆಯೂ ಕೊಡಬಲ್ಲ ಕಾಣಿಕೆ. ಇದನ್ನು ಓದಿದಾಗ ನನಗೆ ಅಜ್ಜಿಯ ಅಡುಗೆಮನೆಯ ಮುಷ್ಟಿ ಅಕ್ಕಿಯ ಡಬ್ಬಿ ನೆನಪಾಯಿತು. ಮತ್ತೊಂದು ಸಂಗತಿಯೂ ಇದೆ. 1966ರ ಮಾರ್ಚಿನಲ್ಲಿ ಐಜಾಲಿನ ಮೇಲೆ ನಮ್ಮದೇ ವಾಯುಪಡೆ ಬಾಂಬು ಹಾಕಿತ್ತು. ಆ ವರ್ಷಗಳಲ್ಲಿ ಮಿಜೋಗಳು ಇದೇ ಗಡಿ ದಾಟಿ ಚಿನ್ ಬೆಟ್ಟಗಳಲ್ಲಿ ಅಡಗಿ ಬದುಕಿದ್ದರು. ತಮ್ಮನ್ನು ಉಳಿಸಿದ ಮನೆಗಳನ್ನು ಅವರು ಮರೆತಿರಲಿಲ್ಲ.

ದೂರದ ಒಂದು ಉದಾಹರಣೆಯನ್ನೂ ಹೇಳಬೇಕು, ಏಕೆಂದರೆ ಅದು ನನ್ನನ್ನು ಹಲವು ರಾತ್ರಿ ಎಚ್ಚರವಿರಿಸಿದೆ. ನೆದರ್ಲೆಂಡ್ಸಿನ ಹೇಗ್ ನಗರದ ಬೆಥೆಲ್ ಚರ್ಚು. ಅರ್ಮೇನಿಯಾದಿಂದ ಬಂದ ಒಂದು ಕುಟುಂಬ ವರ್ಷಗಟ್ಟಲೆ ಅಲ್ಲಿ ಬಾಳಿ, ಮಕ್ಕಳು ಅಲ್ಲೇ ಓದಿ ಬೆಳೆದ ಮೇಲೆ, ದೇಶ ಬಿಡಿ ಎಂಬ ಆದೇಶ ಬಂತು. ಆರಾಧನೆ ನಡೆಯುತ್ತಿರುವಾಗ ಪೊಲೀಸರು ಚರ್ಚಿನೊಳಗೆ ಹೋಗುವಂತಿಲ್ಲ ಎಂದು ಆ ದೇಶದ ಕಾನೂನು. ಹಾಗಾದರೆ ಆರಾಧನೆಯನ್ನು ಮುಗಿಸುವುದೇ ಬೇಡ ಎಂದು ಚರ್ಚಿನವರು ತೀರ್ಮಾನಿಸಿದರು. 2018ರ ಅಕ್ಟೋಬರ್ 26ರಂದು ಶುರುವಾದದ್ದು 2019ರ ಜನವರಿ 30ರವರೆಗೆ, ಹಗಲೂ ರಾತ್ರಿ, 96 ದಿನ ನಿಲ್ಲದೆ ನಡೆಯಿತು. ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಪಂಗಡಗಳಿಂದ ನೂರಾರು ಬೋಧಕರು ಸರದಿಯ ಮೇಲೆ ಬಂದರು. ಕೊನೆಗೆ ಸರ್ಕಾರವೇ ಅಂಥ ಮಕ್ಕಳಿರುವ ಕುಟುಂಬಗಳ ಅರ್ಜಿಗಳನ್ನು ಮತ್ತೆ ನೋಡಲು ಒಪ್ಪಿತು. ನಮ್ಮಲ್ಲಿ ಅಂಥ ಕಾನೂನಿಲ್ಲ, ಹಾಗೆ ಮಾಡೋಣ ಎಂದು ನಾನು ಹೇಳುವುದೂ ಇಲ್ಲ. ನನಗೆ ಮುಖ್ಯವಾದದ್ದು, ದಿನಾ ಮಾಡುವ ಪ್ರಾರ್ಥನೆಯನ್ನೇ ಅವರು ಒಬ್ಬರ ಸುತ್ತ ಗೋಡೆಯಂತೆ ಕಟ್ಟಿದ ಬಗೆ.

ನಮ್ಮ ರಾಜ್ಯದಲ್ಲಿ ಇಂಥ ಗೋಡೆ ಬೇಕಾದವರು ಯಾರು? 2012ರ ಆಗಸ್ಟಿನಲ್ಲಿ, ಮೊಬೈಲಿಗೆ ಬಂದ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ಇವರು ಬಾಂಗ್ಲಾದೇಶದವರು ಎಂದು ಹೇಳಿ ಗುಡಿಸಲುಗಳನ್ನು ಕೆಡವಿದರು. ಒಳಗಿದ್ದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೇ ಎಷ್ಟೋ ಮಂದಿ. ಅದು ಕಾನೂನುಬಾಹಿರ ಎಂದು ಹೈಕೋರ್ಟು ಹೇಳಬೇಕಾಯಿತು. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ, 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕೆಯಿಂದ ಬಂದ ತಮಿಳರ ಮಕ್ಕಳು, ಮೊಮ್ಮಕ್ಕಳು ಜಾತಿ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನುಮನೆಗಳಲ್ಲಿ ಈಗ ಅಸ್ಸಾಮಿನವರು. ಮಲ್ಪೆಯ ಬೋಟುಗಳಲ್ಲಿ ಒಡಿಶಾದವರು, ಜಾರ್ಖಂಡಿನವರು. ನಮ್ಮೂರ ಗೇರುಬೀಜದ ಕಾರ್ಖಾನೆಯಲ್ಲಿ ಹಿಂದೆ ನಮ್ಮ ಅಮ್ಮಂದಿರ ಕೈಗೆ ಅಂಟುತ್ತಿದ್ದ ಎಣ್ಣೆ ಈಗ ಬೇರೆ ಹೆಂಗಸರ ಕೈಯನ್ನು ಸುಡುತ್ತಿದೆ.

ನಿರಾಶ್ರಿತರ ಕಷ್ಟ ಇನ್ನೂ ದೊಡ್ಡದು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರೆಂದರೆ ಯಾರು, ಅವರ ಹಕ್ಕೇನು ಎಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಒಬ್ಬರಿಗೆ ನೆಲ ಸಿಗುತ್ತದೆ, ಇನ್ನೊಬ್ಬರಿಗೆ ಸೆರೆ. ಟಿಬೆಟಿನಿಂದ ಬಂದವರಿಗೆ ಅರವತ್ತರ ದಶಕದ ಆರಂಭದಲ್ಲೇ ಬೈಲಕುಪ್ಪೆಯಲ್ಲಿ ಭೂಮಿ ಕೊಟ್ಟ ರಾಜ್ಯ ನಮ್ಮದು. ಆ ಹೆಮ್ಮೆ ನಮಗಿರಲಿ. ಅದೇ ಮನಸ್ಸು ಎಲ್ಲ ನಿರಾಶ್ರಿತರಿಗೂ ಸಿಗುವಂಥ ಕಾನೂನು ಬೇಕು ಎಂದು ಗಟ್ಟಿಯಾಗಿ ಕೇಳಲು ಬಿಷಪರಿಗೂ ಸಭಾಪಾಲಕರಿಗೂ ದನಿಯಿದೆ, ಅವರ ಮಾತಿಗೆ ತೂಕವೂ ಇದೆ. ವಿಯೆಟ್ನಾಮಿನಿಂದ ದೋಣಿಗಳಲ್ಲಿ ಓಡಿಬಂದ ಜನರ ಪಾಡು ನೋಡಿ ಯೇಸುಸಭೆಯ ಆಗಿನ ಮುಖ್ಯಸ್ಥ ಪೆದ್ರೋ ಅರೂಪೆ ಅವರು 1980ರಲ್ಲಿ ಶುರು ಮಾಡಿದ ನಿರಾಶ್ರಿತರ ಸೇವಾಸಂಸ್ಥೆ, ನೆರವಿನ ಜೊತೆಗೆ ನಿರಾಶ್ರಿತರ ಪರವಾಗಿ ಮಾತಾಡುವುದನ್ನೂ ತನ್ನ ಕೆಲಸವೆಂದೇ ಎಣಿಸುತ್ತದೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಧರ್ಮಕೇಂದ್ರಕ್ಕೆ ಮರಳುತ್ತೇನೆ. ಎರಡು ಮಳೆಗಾಲದ ಹಿಂದೆ ಕೋರೆಯಲ್ಲಿ ಮಣ್ಣು ಜಾರಿ ಒಬ್ಬ ಹುಡುಗ ಸತ್ತ. ಕತ್ತಿನಲ್ಲಿ ಜಪಮಾಲೆಯಿತ್ತು. ಅವನ ಜೊತೆಗಾರರು ಚರ್ಚಿನ ಕಚೇರಿಗೆ ಬಂದು, ಊರಿಗೆ ಒಯ್ಯಲು ದುಡ್ಡಿಲ್ಲ, ಇಲ್ಲೇ ಮಣ್ಣು ಮಾಡಲು ಜಾಗ ಕೊಡುತ್ತೀರಾ ಎಂದು ಕೇಳಿದರು. ನಮ್ಮ ಸಿಮಿತ್ರಿ ಧರ್ಮಕೇಂದ್ರದ ಸದಸ್ಯರಿಗೆ ಮಾತ್ರ, ಸಭೆ ಕರೆದು ತೀರ್ಮಾನಿಸಬೇಕು ಎಂದೆವು. ಆ ಸಭೆಯಲ್ಲಿ ನಾನೂ ಇದ್ದೆ. ಬಾಯಿ ಬಿಡಲಿಲ್ಲ. ನಾವು ತೀರ್ಮಾನಕ್ಕೆ ಬರುವಷ್ಟರಲ್ಲಿ ಅವರು ಕೂಲಿಯ ದುಡ್ಡು ಒಟ್ಟು ಹಾಕಿ ಆಂಬುಲೆನ್ಸಿನಲ್ಲಿ ಅವನನ್ನು ಕರೆದುಕೊಂಡು ಹೋಗಿಯಾಗಿತ್ತು. ಎರಡು ಸಾವಿರ ಕಿಲೋಮೀಟರಿನಷ್ಟು ದಾರಿ. ಗುತ್ತಿಗೆದಾರ ಕೈಗೆ ಒಂದಿಷ್ಟು ನೋಟು ಕೊಟ್ಟು ಮುಗಿಸಿದ. ಕೆಲಸದಲ್ಲಿ ಸತ್ತವನ ಮನೆಯವರಿಗೆ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ 1923ರಿಂದ ಇದೆ. ಲಕ್ಷಗಳಲ್ಲಿ ಬರಬೇಕಾದ ದುಡ್ಡು. ಅರ್ಜಿ ಬರೆದುಕೊಡಲು ನಮ್ಮ ಬೆಂಚುಗಳಲ್ಲಿ ಕೂರುವ ಮೂವರು ವಕೀಲರಲ್ಲಿ ಒಬ್ಬರು ಸಾಕಿತ್ತು. ಅವರನ್ನು ಯಾರೂ ಕೇಳಲಿಲ್ಲ. ಸಿಮ್ಡೇಗಾದಲ್ಲೋ ಗುಮ್ಲಾದಲ್ಲೋ ಒಬ್ಬ ತಾಯಿ ಈಗಲೂ ಇದ್ದಾಳೆ.

ಹಾಗಾಗಿ ನಾನು ಕೇಳುವುದು ಮೊದಲು ಒಂದು ಪುಸ್ತಕ. ಈ ಧರ್ಮಕೇಂದ್ರದ ಎಲ್ಲೆಯೊಳಗೆ ದುಡಿಯುವ ಪ್ರತಿಯೊಬ್ಬ ಹೊರಊರಿನವರ ಹೆಸರು, ಅವರ ಊರು, ಮನೆಯವರ ಫೋನ್ ನಂಬರು, ಯಾರ ಕೆಳಗೆ ಕೆಲಸ, ಎಷ್ಟು ದಿನದಿಂದ, ಅವರು ಒಪ್ಪಿ ಹೇಳಿದಷ್ಟು. ಅದು ಬೀಗದೊಳಗೆ ಇರಬೇಕು, ಅವರ ಒಪ್ಪಿಗೆಯಿಲ್ಲದೆ ಯಾರ ಕೈಗೂ ಹೋಗಬಾರದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ 90 ದಿನ ದುಡಿದ ದೃಢೀಕರಣ ಬೇಕು. ಮಾಲೀಕ ಸುಮ್ಮನೆ ಕೊಡುವುದಿಲ್ಲ, ಗುರಿಕಾರರು ಜೊತೆಗೆ ಹೋಗಿ ಕೇಳಿದರೆ ಕೊಟ್ಟಾನು. ಜಾರ್ಖಂಡಿನ ರೇಷನ್ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗುತ್ತದೆ ಎಂದು ಅವರಲ್ಲಿ ಅರ್ಧ ಮಂದಿಗೆ ತಿಳಿದಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ ವಕೀಲರು ಉಚಿತ. ಬಾಗಿಲು ತಟ್ಟಲು ಭಾಷೆ ಗೊತ್ತಿರುವ ಒಬ್ಬರು ಬೇಕಷ್ಟೆ.

ಶಾಲೆಯ ಮಾತು ಬೇರೆಯೇ ಹೇಳಬೇಕು. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಶಾಲೆಗಳ ಹಕ್ಕನ್ನು ಅದು ಕಾಪಾಡಿದೆ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಕಾನೂನು ಬಲವಂತ ಮಾಡದ ಜಾಗದಲ್ಲಿ ನಾವೇ ಮನಸ್ಸು ಮಾಡಿ ಕೋರೆಯ ಶೆಡ್ಡಿನ ಹತ್ತು ಮಕ್ಕಳನ್ನು ಸೇರಿಸಿಕೊಂಡರೆ? ವರ್ಗಾವಣೆ ಪತ್ರವಿಲ್ಲ, ಜನನ ಪತ್ರವಿಲ್ಲ ಎಂಬ ಕಾರಣ ಹೇಳದೆ? ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ಸಂಜೆ ಒಂದು ಗಂಟೆ ಕನ್ನಡ ಕಲಿಸಲು ನಾನು ತಯಾರು.

ಕೆಲವರು ಹೇಳುವುದನ್ನು ಕೇಳಿದ್ದೇನೆ, ಅದನ್ನು ತಳ್ಳಿಹಾಕಲಾರೆ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿಯಾದದ್ದು ಯಾರಿಗೆ ಮರೆತೀತು? ಹೊರಗಿನವರಿಗೆ ಸಹಾಯ ಮಾಡಿದರೆ ಮತಾಂತರ ಎನ್ನುತ್ತಾರೆ, ಬಂಗಾಳದ ಮುಸ್ಲಿಮರ ಪರ ನಿಂತರೆ ಇನ್ನೇನೋ ಎನ್ನುತ್ತಾರೆ ಎಂಬ ಭಯ ಸುಳ್ಳಲ್ಲ. ಅದಕ್ಕೇ ಎಲ್ಲವೂ ಹಗಲಿನಲ್ಲಿ, ಬಾಗಿಲು ತೆರೆದಿಟ್ಟು ನಡೆಯಲಿ. ಕಾರ್ಮಿಕ ಇಲಾಖೆಯವರನ್ನು ಕರೆಯೋಣ, ಪಂಚಾಯತಿಯವರನ್ನು ಕರೆಯೋಣ, ಪಕ್ಕದ ದೇವಸ್ಥಾನದ, ಮಸೀದಿಯ ಹಿರಿಯರನ್ನೂ ಕರೆಯೋಣ. ಸಹಾಯ ಪಡೆದವರು ನಮ್ಮ ಪೂಜೆಗೆ ಬರಬೇಕೆಂದು ಯಾರೂ ಬಾಯಿ ತಪ್ಪಿಯೂ ಹೇಳಬಾರದು. ಮುರ್ಷಿದಾಬಾದಿನ ಮುಸ್ಲಿಂ ಹುಡುಗನನ್ನು ಬಾಂಗ್ಲಾದೇಶದವನೆಂದು ಠಾಣೆಗೆ ಕರೆದೊಯ್ದಾಗ, ಸಿಮ್ಡೇಗಾದ ಕ್ಯಾಥೊಲಿಕ್ ಹುಡುಗನಿಗೆ ಹೋಗುವಷ್ಟೇ ವೇಗವಾಗಿ ನಾವು ಹೋಗಬೇಕು. ನಮ್ಮವರಿಗೆ ಮಾತ್ರ ತೆರೆಯುವ ಬಾಗಿಲಾಗಿದ್ದರೆ ಕೆಳದಿಯ ನಾಯಕರು ನಮಗೇಕೆ ತೆರೆಯಬೇಕಿತ್ತು?

ತಿಂಗಳಿಗೊಂದು ಹಿಂದಿ ಪೂಜೆಯಾಗಲಿ ಎಂಬ ಕೋರಿಕೆ ಹಿಂದಿನ ಮಹಾಸಭೆಯಲ್ಲಿ ಬಿದ್ದುಹೋಯಿತು. ಹಾಲ್ ಗಲೀಜಾಗುತ್ತದೆ ಎಂದರು. ಅದನ್ನು ಮತ್ತೆ ಎತ್ತುತ್ತೇನೆ. ಗುಡಿಸುವ ಕೆಲಸ ನಮ್ಮ ವಾರ್ಡಿನದು ಎಂದು ಈಗಲೇ ಬರೆದುಕೊಳ್ಳಿ. ಸಿಮಿತ್ರಿಯ ನಿಯಮಕ್ಕೆ ಒಂದು ಸಾಲು ಸೇರಿಸಬೇಕೆಂದೂ ಕೇಳುತ್ತೇನೆ: ಈ ಧರ್ಮಕೇಂದ್ರದ ಎಲ್ಲೆಯಲ್ಲಿ ಸತ್ತವರಿಗೆ ಇಲ್ಲಿ ಜಾಗ ಇದೆ ಎಂದು.

ಬರುವ ಭಾನುವಾರ ಎರಡನೇ ಪೂಜೆಯ ನಂತರ ನಾನು ಕೋರೆಯ ಶೆಡ್ಡುಗಳಿಗೆ ಹೋಗುತ್ತಿದ್ದೇನೆ. ಇನ್ನೂರು ಪುಟದ ಹೊಸ ನೋಟ್‌ಪುಸ್ತಕ ತಂದಿಟ್ಟಿದ್ದೇನೆ. ಉಳಿದ ತೆನೆಯನ್ನು ಕಟ್ಟು ಕಟ್ಟಿ ಅಟ್ಟದಲ್ಲಿ ಒಣಗಿಸಿದ್ದೇನೆ, ಅದನ್ನೂ ಒಯ್ಯುತ್ತೇನೆ. ನನ್ನ ಹಿಂದಿ ಸಾಲದು. ಅವರು ಮಾತಾಡುವ ಸಾದ್ರಿ ನನಗೆ ಬರುವುದಿಲ್ಲ. ಕಾನ್ವೆಂಟಿನಲ್ಲಿ ರಾಂಚಿಯ ಕಡೆಯ ಸಿಸ್ಟರ್ ಒಬ್ಬರಿದ್ದಾರಲ್ಲ ಫಾದರ್, ಅವರನ್ನು ಅಂದು ನನ್ನ ಜೊತೆ ಕಳಿಸಿಕೊಡುತ್ತೀರಾ? ಹತ್ತೂವರೆಗೆ ಗಂಟೆಗೋಪುರದ ಹತ್ತಿರ ಕಾಯುತ್ತಿರುತ್ತೇನೆ.

ಇತಿ,
ನಿಮ್ಮ ಧರ್ಮಕೇಂದ್ರದ ಒಬ್ಬ ಸದಸ್ಯೆ